ಅಮ್ಮನ ಹಿಡಿತದ ಗೆರೆ

ಕಾಲರಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ, ಇವಳು ಬರೀ ಯೋಗಕ್ಷೇಮ ವಿಚಾರಿಸಲು ಬಂದಿಲ್ಲ ಎಂದು ಗುಬ್ಬಿಗೆ ಗೊತ್ತಾಗಿಹೋಯಿತು. ಕುರ್ಚಿಯ ತುದಿಯಲ್ಲಿ ಕೂತವಳು ಕೊಟ್ಟ ಚಹಾ ಆರಿದರೂ ಮುಟ್ಟಲಿಲ್ಲ. ಒಂದು ಕಾಲಕ್ಕೆ ಗುಬ್ಬಿಯ ಅಮ್ಮನ ಹತ್ತಿರ ಹೊಲಿಗೆ ಕಲಿಯಲು ಬಂದು, ಕಾಲರ್ ಕೂರಿಸುವುದರಲ್ಲಿ ಅಮ್ಮನನ್ನೂ ಮೀರಿಸಿ ಆ ಹೆಸರು ಸಂಪಾದಿಸಿದವಳು ಅವಳು. ಈಗ ಅಮ್ಮನ ಅಂಗಡಿ ನಡೆಸುವವಳೂ ಅವಳೇ. ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ ಕಾಲರಕ್ಕ ಅಂಗಡಿಯ ಕಟಿಂಗ್ ಮೇಜನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಾನೇ ಹೇಗೋ ಕತ್ತರಿಸಿಕೊಂಡು ತೂಗಿಸುತ್ತಿದ್ದಳು.

"ದೊಡ್ಡಕ್ಕ, ತಪ್ಪು ತಿಳ್ಕೋಬೇಡಿ," ಎಂದಳು ಕೊನೆಗೆ. "ಶಾಲೆ ಶುರುವಾಗೋ ಹೊತ್ತಿಗೆ ಯೂನಿಫಾರ್ಮ್ ರಾಶಿ ಬೀಳತ್ತೆ. ಕಟಿಂಗ್‌ಗೆ ಒಬ್ಬ ಬರ್ತೀನಿ ಅಂತಿದಾನೆ. ನೀವು ಬರೋದಾದ್ರೆ ಅವನಿಗೆ ಬೇಡ ಅಂತ ಹೇಳ್ತೀನಿ."

"ನನ್ನ ಕೇಳಿದ್ರೆ ನಾಳೇನೇ ಬರ್ತೀನಿ ಅಂತೀನಿ. ಕೈನ ಕೇಳಬೇಕಲ್ಲ," ಎಂದಳು ಅಮ್ಮ. "ಗುಬ್ಬಿ ಕಂಪ್ಯೂಟರಲ್ಲಿ ಏನೋ ಗೆರೆ ಎಳೀತಾಳಂತೆ. ಕೈ ಸುಧಾರಿಸ್ತಿದ್ಯೋ ಇಲ್ವೋ ಅದೇ ಹೇಳತ್ತಂತೆ. ಮುಂದಿನ ವಾರ ಬಾ."

ಆ ಗೆರೆ ಎಳೆಯುವುದನ್ನು ಗುಬ್ಬಿ ಇನ್ನೂ ಕಲಿತೇ ಇರಲಿಲ್ಲ.

ಹಗಲು ಸಾರಿಗೆ ಕಂಪನಿಯ ಆಫೀಸಿನಲ್ಲಿ ಸರಕಿನ ವಿವರ ಟೈಪು ಮಾಡುವ ಗುಬ್ಬಿ, ಸಂಜೆ ಅಂಕಿಅಂಶಗಳನ್ನು ಚಿತ್ರವಾಗಿ ಬರೆಯುವ ತರಗತಿಗೆ ಹೋಗುತ್ತಿದ್ದಳು. ತರಗತಿಯಲ್ಲಿ ಅವಳೇ ಹಿರಿಯಳು. ಒಂದು ಸಾಲು ಕೋಡ್ ಬರೆದು ಮೂರು ಸಲ ಓದಿ, ಆಮೇಲೂ ಎಂಟರ್ ಒತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಿಮ್ಮದೇ ಅಂಕಿ ತನ್ನಿ ಎಂದು ಮೇಷ್ಟ್ರು ಹೇಳಿದಾಗ ಅವಳ ಬಳಿ ಇದ್ದದ್ದು ಒಂದೇ. ಆಸ್ಪತ್ರೆಯವರು ಕೊಟ್ಟ ಕೈಹಿಡಿತ ಅಳೆಯುವ ಯಂತ್ರವನ್ನು ಅಮ್ಮ ದಿನಾ ರಾತ್ರಿ ಬಲಗೈಯಲ್ಲಿ ಹಿಂಡಿದಾಗ ಮುಳ್ಳು ತೋರಿಸಿದ, ಗುಬ್ಬಿ ಓದಿ ಬರೆದಿಟ್ಟ ಅಂಕಿಗಳು.

ಪರದೆಯ ಮೇಲೆ ಅವು ಚುಕ್ಕಿಗಳಾಗಿ, ಬಟನ್ ಡಬ್ಬಿ ಚೆಲ್ಲಿದ ಹಾಗೆ ಬಿದ್ದವು. ಒಂದು ದಿನ ಮೇಲೆ, ಇನ್ನೊಂದು ದಿನ ಕೆಳಗೆ. ಯಾವ ಕಡೆ ಹೊರಟಿವೆ ಎಂದು ತಲೆಬುಡ ತಿಳಿಯಲಿಲ್ಲ.

"ಚುಕ್ಕಿ ಬರೆಸಿದ ಸಾಲಿದ್ಯಲ್ಲಮ್ಮ, ಅದರ ಕೊನೇಲಿ ಒಂದು ಪ್ಲಸ್ ಹಾಕಿ," ಎಂದರು ಮೇಷ್ಟ್ರು. "ಕೆಳಗಿನ ಸಾಲಲ್ಲಿ ಸ್ಮೂತ್ ಅಂತ, ನಯವಾದ ಗೆರೆ ಎಳೆಯೋ ಆಜ್ಞೆ ಬರೀರಿ. ಅಷ್ಟೇ."

"ತಪ್ಪಾದ್ರೆ ಸರ್?"

"ತಪ್ಪಾದ್ರೆ ಕೆಂಪಕ್ಷರದಲ್ಲಿ ಬೈಯತ್ತೆ. ಮನೇಲಿ ಬೈಸ್ಕೊಂಡು ಅಭ್ಯಾಸ ಇಲ್ವಾ?"

ಬೈಯಲಿಲ್ಲ. ಚುಕ್ಕಿಗಳ ನಡುವೆ ಒಂದು ನೀಲಿ ಗೆರೆ ಮೆಲ್ಲಗೆ ಬಾಗಿ ನಿಂತಿತು. ಅದರ ಎರಡೂ ಬದಿಗೆ ತೆಳುವಾದ ಬೂದು ಪಟ್ಟಿ. ಗೆರೆ ಇಲ್ಲೇ ಇದೆ ಎಂದು ಖಡಾಖಂಡಿತ ಹೇಳಲಾಗದು, ಈ ಬೂದಿನೊಳಗೆ ಎಲ್ಲೋ ಇರಬಹುದು ಎಂದು ಅದರರ್ಥ ಎಂದರು ಮೇಷ್ಟ್ರು. ಪ್ರತಿ ಜಾಗದಲ್ಲೂ ಗೆರೆ ಅಕ್ಕಪಕ್ಕದ ಚುಕ್ಕಿಗಳನ್ನು ವಿಚಾರಿಸುತ್ತದೆ, ಹತ್ತಿರದವರ ಮಾತಿಗೆ ಹೆಚ್ಚು ಬೆಲೆ. ಎಷ್ಟು ದೂರದವರೆಗೆ ವಿಚಾರಿಸಬೇಕು ಎನ್ನುವುದು ಸ್ಪ್ಯಾನ್ ಎಂಬ ಅಂಕಿಯ ಕೈಯಲ್ಲಿದೆ. ಸ್ಪ್ಯಾನ್ ಕಿರಿದಾದರೆ ಗೆರೆ ಚುಕ್ಕಿ ಚುಕ್ಕಿಗೂ ಹುಳುವಿನಂತೆ ಒದ್ದಾಡಿತು. ಹಿಗ್ಗಿಸಿದರೆ ಸೆಟೆದು ನಿಂತಿತು.

"ಯಾವುದು ಸರಿ ಸರ್?"

"ನೋಡ್ತಾ ನೋಡ್ತಾ ಗೊತ್ತಾಗತ್ತೆ."

ಈ ಮಾತನ್ನು ಗುಬ್ಬಿ ಚಿಕ್ಕಂದಿನಲ್ಲಿ ಕೇಳಿದ್ದಳು. ಕಟಿಂಗ್ ಮೇಜಿನ ಅಡಿಯಲ್ಲಿ ಕೂತು ಕೇಳಿದ್ದಳು. ದಿನಾ ಶಾಲೆ ಬಿಟ್ಟ ಮೇಲೆ ಅವಳ ಮನೆ ಅದೇ. ನಾಲ್ಕು ಮರದ ಕಾಲು, ಮೇಲೆ ಹಲಗೆಯ ಸೂರು. ಇಸ್ತ್ರಿ ಬಿದ್ದ ಒದ್ದೆ ಬಟ್ಟೆಯ ಬಿಸಿ ವಾಸನೆ. ದೊಡ್ಡ ಕತ್ತರಿ ನಡೆದರೆ ಹಲಗೆಯೊಳಗೆ ಗರಗರ ಸದ್ದು, ಸ್ವಲ್ಪ ಹೊತ್ತಿಗೆ ಬಣ್ಣದ ಚೂರೊಂದು ತಲೆಯ ಮೇಲೆ. ಒಮ್ಮೊಮ್ಮೆ ಹೊರಬಂದು ಗಲ್ಲವನ್ನು ಮೇಜಿಗೆ ಆನಿಸಿ ನಿಲ್ಲುತ್ತಿದ್ದಳು. ಕಂಕುಳಿನ ತಿರುವಿಗೆ ಅಮ್ಮ ಚಾಕ್‌ನಲ್ಲಿ ಒಂದಿಷ್ಟು ಚುಕ್ಕಿ ಇಟ್ಟು, ಬಾಗಿದ ಮರದ ಶೇಪ್ ಪಟ್ಟಿಯನ್ನು ಅತ್ತ ಒಂದು ಕೂದಲಷ್ಟು, ಇತ್ತ ಒಂದು ಕೂದಲಷ್ಟು ಸರಿಸಿ, ಒಂದೇ ಉಸಿರಿಗೆ ಗೆರೆ ಎಳೆಯುತ್ತಿದ್ದಳು.

"ಎಲ್ಲಿ ಬಗ್ಗಿಸಬೇಕು ಅಂತ ಹೇಗಮ್ಮ ಗೊತ್ತಾಗತ್ತೆ?"

"ನೋಡ್ತಾ ನೋಡ್ತಾ ಗೊತ್ತಾಗತ್ತೆ ಕಣೇ. ಎಲ್ಲಾ ಚುಕ್ಕೀನೂ ಮುಟ್ಟಕ್ಕೆ ಹೋದ್ರೆ ತೋಳು ಎತ್ತಕ್ಕಾಗಲ್ಲ. ಯಾವ್ದನ್ನೂ ಲೆಕ್ಕಕ್ಕಿಡದಿದ್ರೆ ಚೀಲ ಆಗತ್ತೆ. ಈಗ ಒಳಗೆ ಹೋಗು, ಚಾಕ್ ತಿಂತಿದೀಯ."

ಆ ವಾರವಿಡೀ ಗುಬ್ಬಿ ಸ್ಪ್ಯಾನನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದಳು. ಹಿಗ್ಗಿಸಿದಾಗ ಗೆರೆ ಮೊದಲು ಚೆನ್ನಾಗಿ ಏರಿ, ಬರಬರುತ್ತಾ ದಣಿದವರಂತೆ ಮಟ್ಟಸವಾಗುತ್ತಿತ್ತು. ಕುಗ್ಗಿಸಿದಾಗ ಕೊನೆಯ ಕೆಲವು ಚುಕ್ಕಿಗಳು ಮೇಲಿದ್ದುದರಿಂದ ತುದಿ ಗಕ್ಕನೆ ತಲೆಯೆತ್ತುತ್ತಿತ್ತು. ತಲೆಯೆತ್ತಿದ್ದನ್ನೇ ಇಟ್ಟುಕೊಂಡಳು. ತುದಿಯಲ್ಲಿ ಅಗಲವಾಗುತ್ತಿದ್ದ ಬೂದು ಪಟ್ಟಿಯನ್ನೂ ತೆಗೆಸಿದಳು. ಅಮ್ಮನಿಗೆ ಸುಮ್ಮನೆ ಗೊಂದಲ ಎಂದು ತನಗೆ ತಾನೇ ಹೇಳಿಕೊಂಡಳು. ಮುದ್ರಿಸಿದ ಹಾಳೆ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ, ಅಂಗಡಿಯಿಂದ ಏನನ್ನೋ ಕದ್ದು ತಂದವಳಂತೆ ಅದನ್ನು ಮಡಿಲಿಗೆ ಒತ್ತಿಕೊಂಡಳು.

ಅಮ್ಮ ಕನ್ನಡಕ ಹಾಕಿಕೊಂಡು ಹಾಳೆಯನ್ನು ಬಟ್ಟೆ ನೋಡುವಂತೆ ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. ಎಡಗೈ ಹೆಬ್ಬೆರಳು ಗೆರೆಯ ಮೇಲೆ ಸಾಗಿ ತುದಿಯಲ್ಲಿ ನಿಂತಿತು.

"ಯಾರೇ ಇದನ್ನ ಇಷ್ಟು ಬಿಗಿ ಹೊಲಿದಿದ್ದು?"

"ಬಿಗಿ ಅಂದ್ರೆ?"

"ಚುಕ್ಕಿ ಎಲ್ಲಿ ಕರೆದ್ರೆ ಅಲ್ಲಿಗೆ ಓಡಿದೆಯಲ್ಲ. ಇಂಥ ತೋಳು ಹಾಕ್ಕೊಂಡೋರು ಊಟ ಮಾಡೋದು ಹೇಗೆ?" ಆಮೇಲೆ ಹಾಳೆ ಕೆಳಗಿಟ್ಟು, ಮುಖ ಬೇರೆ ಕಡೆ ತಿರುಗಿಸಿದಳು. "ಈ ಕೊನೇ ಚುಕ್ಕಿಗಳನ್ನ ನಂಬಬೇಡ ಗುಬ್ಬಿ. ಅವು ಸುಳ್ಳು."

"ನಾನೇ ಅಲ್ವಾ ಓದಿದ್ದು?"

"ನೀನು ಓದಿದ್ದು ಸರಿ. ಕಾಲರಕ್ಕ ಬಂದುಹೋದ ಮೇಲಿಂದ ನಾನು ಆಸ್ಪತ್ರೇಲಿ ಹೇಳ್ಕೊಟ್ಟ ಕೈ ವ್ಯಾಯಾಮ ಮಾಡ್ಲೇ ಇಲ್ಲ. ಬೆಳಗಿಂದ ಕೈನ ಬಿಸಿ ಟವೆಲ್ಲಲ್ಲಿ ಸುತ್ತಿ, ಮಗು ಥರ ಮಲಗಿಸಿ, ನೀನು ಬರೋ ಹೊತ್ತಿಗೆ ಎಬ್ಬಿಸ್ತಿದ್ದೆ. ದಣಿಯದ ಕೈ ಆ ಒಂದು ಸಲಕ್ಕೆ ಜೋರಾಗಿ ಹಿಂಡತ್ತೆ. ಮುಳ್ಳು ಕೆಳಗೆ ಬಂದ ದಿನ ನಿನ್ನ ಮುಖ ನೋಡಕ್ಕಾಗ್ತಿರಲಿಲ್ಲ."

ಗುಬ್ಬಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಮೊದಲು ಎಂದು ತಿಳಿಯಲಿಲ್ಲ. "ನಾನೂ ಆ ತುದಿ ಏರಲಿ ಅಂತಾನೇ ಬಿಗಿ ಮಾಡಿದ್ದಮ್ಮ. ಗೆರೆ ಪಕ್ಕ ಬೂದು ಪಟ್ಟಿ ಇತ್ತು, ಬಟ್ಟೇಲಿ ಹೊಲಿಗೆಯಾಚೆ ಬಿಡೋ ಮಾರ್ಜಿನ್ ಥರ, ಅದನ್ನೂ ಕತ್ತರಿಸಿ ಬಿಸಾಕಿದೀನಿ."

"ಮಾರ್ಜಿನ್ ಇಲ್ದೆ ಬಟ್ಟೆ ಕೊಟ್ಟಿದೀಯಾ? ನನ್ನ ಹೊಟ್ಟೇಲಿ ಹುಟ್ಟಿ?"

ಕಾಲರಕ್ಕನಿಗೆ ಇನ್ನೆರಡು ವಾರ ತಡಿ ಎಂದು ಫೋನು ಹೋಯಿತು. ಅಮ್ಮ ಗೊಣಗುತ್ತಲೇ ವ್ಯಾಯಾಮಕ್ಕೆ ಮರಳಿದಳು. ಮುಳ್ಳು ಎಲ್ಲಿ ನಿಂತರೂ ಗುಬ್ಬಿ ಮುಖ ಸಪ್ಪಗೆ ಮಾಡದಿರಲು ಹೆಣಗಿದಳು. ಟವೆಲ್ಲಿನ ದಿನಗಳನ್ನು ಅಳಿಸಲು ಮನಸ್ಸಾಗದೆ ಅವನ್ನು ಟೊಳ್ಳು ವೃತ್ತಗಳಾಗಿ ಉಳಿಸಿ, ಗೆರೆಯ ಲೆಕ್ಕದಿಂದ ಮಾತ್ರ ಹೊರಗಿಟ್ಟಳು. ಸ್ಪ್ಯಾನ್ ಸಡಿಲಿಸಿದಳು, ಬೂದು ಪಟ್ಟಿಯನ್ನು ಮರಳಿ ತಂದಳು. ಎಂಟರ್ ಒತ್ತುವಾಗ ಈ ಸಲ ಕಣ್ಣು ತೆರೆದೇ ಇತ್ತು.

ಗೆರೆ ಏರಿತು, ನಿಧಾನವಾಯಿತು, ಮೇಜಿನ ಹಲಗೆಯಂತೆ ಮಟ್ಟಸವಾಗಿ ನಿಂತಿತು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರು ಅದನ್ನು ನೋಡಿ ಹೇಳಿದರು: "ಲೋಟ, ಬಾಚಣಿಗೆ, ಪೆನ್ನು, ಇಷ್ಟಕ್ಕೆ ಈ ಹಿಡಿತ ಸಾಕು. ಆ ದೊಡ್ಡ ಕತ್ತರಿ ದಿನವಿಡೀ ನಡೆಸೋದು ಕಷ್ಟ ತಾಯಿ."

"ಇನ್ನು ಏರೋದೇ ಇಲ್ವಾ?" ಎಂದು ಕೇಳಿದವಳು ಗುಬ್ಬಿ.

"ಏರಲ್ಲ ಅಂತ ಗೆರೆ ಹೇಳ್ತಿಲ್ಲ. ಏರತ್ತೆ ಅಂತಾನೂ ಹೇಳ್ತಿಲ್ಲ. ನೋಡಿ, ತುದೀಲಿ ಬೂದು ಎಷ್ಟು ಅಗಲ ಇದೆ."

ಮನೆಗೆ ಬಂದು ಬಾಗಿಲು ತೆಗೆದವಳೇ ಅಮ್ಮ ಕಾಲರಕ್ಕನಿಗೆ ಫೋನು ಹಚ್ಚಿಸಿದಳು. "ಅವನಿಗೆ ಬರಕ್ಕೆ ಹೇಳೇ. ಕತ್ತರಿ ಅವನ ಕೈಗೆ ಕೊಡು. ಗುರುತು ಹಾಕಕ್ಕೆ ನಾನು ಬರ್ತೀನಿ."

ಆ ಕಡೆ ಕಾಲರಕ್ಕ ಹೊಲಿಗೆ ಯಂತ್ರ ನಿಲ್ಲಿಸಿದಳು. "ಅದನ್ನೇ ಕೇಳಬೇಕು ಅಂತಿದ್ದೆ ದೊಡ್ಡಕ್ಕ. ಬಾಯಿ ಬರಲಿಲ್ಲ."

ಮೊದಲ ದಿನ ಗುಬ್ಬಿ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದಳು. ಮೇಜು ಈಗ ಅವಳ ಸೊಂಟಕ್ಕೆ ಬರುತ್ತಿತ್ತು. ಅಡಿಯಲ್ಲಿ ಬಟ್ಟೆ ಚೂರುಗಳ ಚೀಲ ತುಂಬಿದ್ದರೂ ಒಂದು ಮಗು ಕೂರುವಷ್ಟು ಜಾಗ ಇನ್ನೂ ಇತ್ತು. ಕಟಿಂಗ್‌ಗೆ ಬಂದ ಹೊಸಬ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ಹೆಣ್ಣು ನೋಡಲು ಬಂದ ಗಂಡಿನಂತೆ ಗೋಡೆಗೆ ಆತು ನಿಂತಿದ್ದ. ಅಮ್ಮ ಚುಕ್ಕಿಗಳನ್ನಿಟ್ಟಳು. ಎಡಗೈಯಲ್ಲಿ ಶೇಪ್ ಪಟ್ಟಿ ಒತ್ತಿ ಹಿಡಿದು, ಅತ್ತ ಒಂದು ಕೂದಲಷ್ಟು, ಇತ್ತ ಒಂದು ಕೂದಲಷ್ಟು ಸರಿಸಿದಳು. ಬಲಗೈಯ ಚಾಕ್ ನಡುಗುತ್ತಾ ಹೊರಟು, ಪಟ್ಟಿಯ ಅಂಚು ಸಿಕ್ಕ ಮೇಲೆ ಅದಕ್ಕೆ ಒರಗಿ ಸಾಗಿತು. ಒಂದೇ ಉಸಿರಿಗೆ ಮುಗಿಯಲಿಲ್ಲ. ನಡುವೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಸಾಗಿತು.

ಆಮೇಲೆ ಹೊರಗಿನ ಕತ್ತರಿಸುವ ಗೆರೆಯನ್ನು ಹಾಕಿದಳು, ಎಂದಿಗಿಂತ ದೂರದಲ್ಲಿ.

"ಇಷ್ಟೊಂದು ಮಾರ್ಜಿನ್ ಯಾಕೆ ದೊಡ್ಡಕ್ಕ?" ಎಂದಳು ಕಾಲರಕ್ಕ.

"ಕೈ ಹೊಸದು," ಎಂದಳು ಅಮ್ಮ. "ಇರಲಿ." ನಂತರ ಗುಬ್ಬಿಯ ಕಡೆ ತಿರುಗಿ, "ಆ ತುದಿ ಹಿಡ್ಕೋ, ಸುಮ್ನೆ ನಿಂತು ಚಾಕ್ ತಿನ್ಬೇಡ," ಎಂದು ಮುಂದಿನ ಬಟ್ಟೆ ಹಾಸಿದಳು.