ಕುರ್ಚಿ ಸಿಕ್ಕಿದ ಅಂಚೆಯಣ್ಣ ಮತ್ತೆ ನಡೆದದ್ದು

ತೆಂಕುಬೈಲಿನಲ್ಲಿ ಭುಜಂಗಣ್ಣನನ್ನು ಅರಿಯದ ಮನೆ ಇರಲಿಲ್ಲ. ಕಾಪುವಿನಿಂದ ಎರಡು ಮೈಲಿ ಒಳಗಿನ ಆ ಊರಿಗೆ ಹತ್ತೊಂಬತ್ತು ವರ್ಷ ಅಂಚೆ ಹಂಚಿದವನು ಅವನೇ. ಹೆಗಲಿಗೆ ಖಾಕಿ ಚೀಲ, ಕಂಕುಳಲ್ಲಿ ಕೊಡೆ, ಕಾಲಿಗೆ ಟಯರಿನ ಚಪ್ಪಲಿ. ದಿನಕ್ಕೆ ಎಂಟು ಮೈಲಿ ಎಂದರೂ ಕಮ್ಮಿಯೇ. ಕಡಲ ಬದಿಯ ಹೊಯಿಗೆ, ಗದ್ದೆಯ ಅಂಚು, ತೋಡು ದಾಟುವ ಸಂಕ, ಎಲ್ಲವೂ ಅವನ ಕಾಲಿಗೆ ಬಾಯಿಪಾಠವಾಗಿತ್ತು. ಮುಂಬಯಿಯಲ್ಲಿ ದುಡಿಯುವ ಮಗನ ಕಾಗದಕ್ಕೆ ಕಾಯುವ ತಾಯಂದಿರಿಗೆ ಅವನು ಬರುವ ಹೊತ್ತು ಗೊತ್ತಿತ್ತು. ಅಂಗಳಕ್ಕೆ ಬಂದು ನಿಂತು, ಓದಲು ಬಾರದವರಿಗೆ ಕಾಗದ ಓದಿ ಹೇಳಿ, ಒಂದು ಲೋಟ ನೀರು ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದ.

೧೯೬೦ರಲ್ಲಿ ಅವನು ಇಲಾಖೆಯ ಪರೀಕ್ಷೆ ಪಾಸು ಮಾಡಿ ಊರಿನ ಅಂಚೆ ಕಚೇರಿಯಲ್ಲೇ ಗುಮಾಸ್ತನಾದ. ನಲವತ್ತೊಂದನೆಯ ವಯಸ್ಸಿನಲ್ಲಿ, ದೀಪದ ಬೆಳಕಿನಲ್ಲಿ ಓದಿ ಗಳಿಸಿದ ಕುರ್ಚಿ ಅದು. ಹೆಂಡತಿ ಬೇಬಿ ಅಂದು ಪಾಯಸ ಮಾಡಿ ನೆರೆಕರೆಗೆಲ್ಲ ಹಂಚಿದಳು. ಬಿಸಿಲಿಗೆ ಕಪ್ಪಾದ ಗಂಡ ಇನ್ನು ನೆರಳಿನಲ್ಲಿ ಕುಳಿತು ದುಡಿಯುತ್ತಾನೆ ಎಂಬ ಸಂತೋಷ ಅವಳಿಗೆ.

ಆದರೆ ಕೆಲಸ ಬದಲಾದರೂ ಊಟ ಬದಲಾಗಲಿಲ್ಲ. ಎಂಟು ಮೈಲಿ ನಡೆಯುವವನ ಊಟವನ್ನೇ ಎಂಟು ಹೆಜ್ಜೆ ನಡೆಯುವವನು ಉಂಡ. ಬೆಳಿಗ್ಗೆ ಏಳು ದೋಸೆ, ಮಧ್ಯಾಹ್ನ ಕುಚ್ಚಿಗೆ ಅನ್ನದ ದೊಡ್ಡ ರಾಶಿ, ಸಂಜೆ ಹೋಟೆಲಿನಲ್ಲಿ ಗೋಳಿಬಜೆ, ರಾತ್ರಿ ಮತ್ತೆ ಅನ್ನ. ಮೊದಲ ವರ್ಷ ಕೆನ್ನೆ ತುಂಬಿತು. ಎರಡನೆಯ ವರ್ಷ ಅಂಗಿಯ ಗುಂಡಿ ಎಳೆಯಿತು. ಮೈ ತುಂಬಿಕೊಂಡಿದೆ, ಸುಖದ ಲಕ್ಷಣ ಎಂದು ಕಂಡವರೆಲ್ಲ ಹೇಳಿದರು. ಅವನೂ ಹಾಗೆಯೇ ತಿಳಿದ. ನಾಲ್ಕನೆಯ ವರ್ಷಕ್ಕೆ ಚಪ್ಪಲಿ ಹಾಕಲು ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ಮಂಡಿ ನೋಯುತ್ತಿತ್ತು. ಕಚೇರಿಯ ಮೂರು ಮೆಟ್ಟಿಲು ಹತ್ತಿ ಒಂದು ಕ್ಷಣ ಕಂಬ ಹಿಡಿದು ನಿಲ್ಲುವುದನ್ನು ಯಾರೂ ನೋಡಬಾರದೆಂದು ಅವನು ದಿನವೂ ಬೇಗ ಬರತೊಡಗಿದ.

೧೯೬೪ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ರೋಸಿ ಬಾಯಿಯ ಹೆಸರಿಗೆ ತಂತಿ ಬಂತು. ರೋಸಿ ಬಾಯಿ ಕಡಲ ಬದಿಯ ಮನೆಯ ವಿಧವೆ. ಅವರ ಒಬ್ಬಳೇ ಮಗಳು ಆನಿಯನ್ನು ಕಾರ್ಕಳಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮಗಳಿಗೆ ಹೆರಿಗೆ ನೋವು ಶುರುವಾಗಿದೆ, ತಾಯಿ ಕೂಡಲೇ ಬರಲಿ ಎಂದು ಅಳಿಯ ತಂತಿ ಕೊಟ್ಟಿದ್ದ. ಅವನ ಜಾಗಕ್ಕೆ ಬಂದ ಅಂಚೆಯವ ಬೂಬ ಅಂದು ಜ್ವರದಿಂದ ಮಲಗಿದ್ದ. ಕಾರ್ಕಳದ ಕೊನೆಯ ಬಸ್ಸು ನಾಲ್ಕೂವರೆಗೆ. ಗಡಿಯಾರದಲ್ಲಿ ಮೂರು ಹತ್ತು. ರೋಸಿ ಬಾಯಿಯ ಮನೆಗೆ ಒಂದೂವರೆ ಮೈಲಿ. ಅರ್ಧ ಗಂಟೆಯೊಳಗೆ ಎಷ್ಟು ಸಲ ಹೋಗಿಲ್ಲ ಎಂದುಕೊಂಡು ಭುಜಂಗಣ್ಣ ತಾನೇ ಹೊರಟ.

ಗದ್ದೆ ದಾಟುವಷ್ಟರಲ್ಲಿ ಬೆವರು ಇಳಿಯಿತು. ಸಂಕದ ಹತ್ತಿರ ಎದೆ ಡಬಡಬ ಎಂದಿತು, ಕುಳಿತ. ಎದ್ದು ನೂರು ಹೆಜ್ಜೆ ನಡೆದು ಮತ್ತೆ ಕುಳಿತ. ಕಾಲು ಹೊಯಿಗೆಯಲ್ಲಿ ಹೂತುಹೋಗುತ್ತಿತ್ತು. ದಾರಿಯಲ್ಲಿ ಕೈಗೆ ಕೊಟ್ಟು ಕಳಿಸೋಣವೆಂದರೆ ಆ ಬಿಸಿಲಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ರೋಸಿ ಬಾಯಿಯ ಅಂಗಳಕ್ಕೆ ಬಂದಾಗ ಐದು ಗಂಟೆ. ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು.

ರೋಸಿ ಬಾಯಿ ಬಯ್ಯಲಿಲ್ಲ. ಅವನ ಮುಖ ನೋಡಿ ಮೊದಲು ನೀರು ಕೊಟ್ಟರು, ಆಮೇಲೆ ತಂತಿಯಲ್ಲಿ ಎಂತ ಉಂಟು ಎಂದು ಕೇಳಿದರು. ಅವನು ಓದಿ ಹೇಳಿದ. ಅವರು ಮರುದಿನ ಮೊದಲ ಬಸ್ಸಿಗೆ ಹೋದರು. ತಾಯಿ ಮಗು ಕ್ಷೇಮ, ಹೆಣ್ಣು ಮಗು ಎಂದು ಮೂರನೆಯ ದಿನ ಸುದ್ದಿ ಬಂತು. ಆನಿ ಮಾತ್ರ ನೋವಿನಲ್ಲಿ ಅಮ್ಮ ಎಲ್ಲಿ, ಅಮ್ಮ ಬಂದರಾ ಎಂದು ಕೇಳುತ್ತಲೇ ಇದ್ದಳಂತೆ. ಆ ಒಂದು ಮಾತು ಭುಜಂಗಣ್ಣನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ಕಾಗದವನ್ನೂ ತಡವಾಗಿ ಮುಟ್ಟಿಸಿದವನಲ್ಲ ಅವನು.

ಆ ವಾರ ಅವನು ಆರೋಗ್ಯ ಕೇಂದ್ರದ ನರ್ಸ್ ಕುಶಲಮ್ಮನ ಎದುರು ಹೋಗಿ ಕುಳಿತ. ಕುಶಲಮ್ಮ ಐವತ್ತರ ಹತ್ತಿರದವರು. ಹೆರಿಗೆಗೆಂದು, ಸೂಜಿಮದ್ದಿಗೆಂದು ಮನೆಮನೆ ತಿರುಗುವವರು. ಹಿಂದೆ ದಾರಿಯಲ್ಲಿ ಎದುರಾದಾಗೆಲ್ಲ ಇಬ್ಬರೂ ಒಟ್ಟಿಗೆ ಒಂದು ಫರ್ಲಾಂಗು ನಡೆದು ಸುಖದುಃಖ ಮಾತಾಡಿದ್ದುಂಟು. ಅವರು ಅವನನ್ನು ಅಕ್ಕಿ ಮಿಲ್ಲಿಗೆ ಕರೆದುಕೊಂಡು ಹೋದರು. ಆಳು ನಿಲ್ಲುವಂಥ ತಕ್ಕಡಿ ಊರಿನಲ್ಲಿ ಇದ್ದದ್ದು ಅಲ್ಲಿ ಮಾತ್ರ. ತೂಗುವ ಮುದ್ದಣ್ಣ ಕಲ್ಲು ಸರಿಮಾಡಿ ನೋಡಿ, "ಎಂಬತ್ತೇಳು ಕಿಲೋ. ಎರಡು ಮುಡಿ ಅಕ್ಕಿ, ಮೇಲೆ ಒಂದಿಷ್ಟು ಉಂಟು ಮಾರಾಯ" ಎಂದು ನಕ್ಕ. ಅಂಚೆ ಹಂಚುವಾಗ ಅವನು ಐವತ್ತೆಂಟು ಕಿಲೋ ಇದ್ದವನು.

ಕುಶಲಮ್ಮ ನಗಲಿಲ್ಲ. ಮೊದಲು ದೊಡ್ಡ ಡಾಕ್ಟರರಿಗೆ ತೋರಿಸಬೇಕು ಎಂದು ಚೀಟಿ ಬರೆದು ಮಣಿಪಾಲಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ರಕ್ತದ ಒತ್ತಡ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಹೃದಯ ಗಟ್ಟಿ ಇದೆ, ಆದರೆ ಒತ್ತಡ ಏರಿದೆ, ಸಕ್ಕರೆ ಕಾಯಿಲೆ ಬಾಗಿಲಿನವರೆಗೆ ಬಂದಿದೆ, ತೂಕ ಇಳಿಸಬೇಕು ಎಂದರು. ಒತ್ತಡಕ್ಕೆ ಒಂದು ಮಾತ್ರೆ ಕೊಟ್ಟರು. ದಿನಾ ನಡೆಯಬೇಕು, ಊಟ ಹಿಡಿತದಲ್ಲಿರಬೇಕು ಎಂದರು.

ಭುಜಂಗಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ. ಬಂದವನೇ ಕುಶಲಮ್ಮನ ಹತ್ತಿರ ವಾದಕ್ಕಿಳಿದ.

"ನಡೆದು ನಡೆದು ಸಾಕಾಗಿ ಅಲ್ವಾ ನಾನು ಪರೀಕ್ಷೆ ಬರೆದದ್ದು, ನರ್ಸಮ್ಮ? ಈಗ ಚೀಲ ಇಲ್ಲ, ಕಾಗದ ಇಲ್ಲ, ಸುಮ್ಮನೆ ನಡೆಯುವುದೆಂದರೆ ಎಂತ? ಜನ ನೋಡಿ ತಲೆ ಕೆಟ್ಟಿದೆ ಎಂದಾರು."

ಕುಶಲಮ್ಮ ಹೇಳಿದರು, "ಹತ್ತೊಂಬತ್ತು ವರ್ಷ ಊರವರ ಕಾಗದಕ್ಕಾಗಿ ನಡೆದಿರಿ, ಭುಜಂಗಣ್ಣ. ದಿನಕ್ಕೆ ಅರ್ಧ ಗಂಟೆ ನಿಮ್ಮ ಜೀವಕ್ಕಾಗಿ ನಡೆಯಲಿಕ್ಕೆ ಆಗುವುದಿಲ್ವಾ?"

ಅವನು ಗೊಣಗುತ್ತಾ ಮನೆಗೆ ಹೋದ. ಆದರೆ ಮರುದಿನ ಬೆಳಿಗ್ಗೆ ಐದಕ್ಕೆ ಎದ್ದ.

ಎದ್ದವನು ಹುಂಬತನ ಮಾಡಿದ. ಹಳೆಯ ಕಾಲಿನ ಜಂಬ. ಮೊದಲ ದಿನವೇ ಕಾಪುವಿನ ದೀಪಸ್ತಂಭದವರೆಗೆ ಹೋಗಿ ಬಂದ. ಸಂಜೆಗೆ ಮಂಡಿ ತೆಂಗಿನಕಾಯಿಯಂತೆ ಊದಿತು. ಎರಡು ದಿನ ರಜೆ ಹಾಕಿ ಮಲಗಿದ. ಬೇಬಿಗೆ ಸಿಟ್ಟು ಬಂತು. ಇವರಿಗೆ ಈ ನರ್ಸಮ್ಮ ಹೇಳಿಕೊಟ್ಟದ್ದೇ ತಪ್ಪು, ತಿಂದುಂಡು ಚೆನ್ನಾಗಿದ್ದವರನ್ನು ಮಲಗಿಸಿದರು ಎಂದು ನೆರೆಮನೆಯವರಿಗೆ ಕೇಳುವ ಹಾಗೆ ಹೇಳಿದಳು. ಕುಶಲಮ್ಮ ಬಂದು ಮಂಡಿ ನೋಡಿ, ತಪ್ಪು ನಡಿಗೆಯದ್ದಲ್ಲ, ಅವಸರದ್ದು ಎಂದರು. ನಾಲ್ಕು ವರ್ಷ ಕುಳಿತ ಕಾಲಿಗೆ ಮೊದಲ ವಾರ ಹತ್ತು ನಿಮಿಷ ಸಾಕು. ವಾರಕ್ಕೆ ಐದೈದು ನಿಮಿಷ ಏರಿಸಬೇಕು. ನಿಧಾನ ಶುರು ಮಾಡಿ ಆಮೇಲೆ ಬೀಸುಗಾಲು ಹಾಕಬೇಕು; ಪಕ್ಕದವರ ಹತ್ತಿರ ಮಾತಾಡಲಿಕ್ಕೆ ಬರಬೇಕು, ಹಾಡಲಿಕ್ಕೆ ಬರಬಾರದು, ಅಷ್ಟು ವೇಗ. ಎದೆ ನೋವು ಬಂದರೆ, ತಲೆ ತಿರುಗಿದರೆ ಅಲ್ಲೇ ನಿಂತು ಡಾಕ್ಟರ ಹತ್ತಿರ ಹೋಗಬೇಕು. ಹೊಯಿಗೆಯಲ್ಲಿ ಈಗ ಬೇಡ, ಗಟ್ಟಿ ನೆಲದ ಮೇಲೆ, ಕಾಲಿಗೆ ಸರಿಯಾದ ಚಪ್ಪಲಿ ಹಾಕಿ ನಡೆಯಬೇಕು.

ಭುಜಂಗಣ್ಣ ಆಜ್ಞೆ ಪಾಲಿಸಿದ. ಹತ್ತು ನಿಮಿಷ, ಹದಿನೈದು, ಇಪ್ಪತ್ತು. ಹೋಟೆಲಿನ ಬೆಂಚಿನಲ್ಲಿ ಕುಳಿತವರು, ಚೀಲ ಮರೆತು ಬಂದಿರಾ ಎಂದು ಕೇಳಿ ನಕ್ಕರು. ಅವನು ತಲೆ ತಗ್ಗಿಸಿ ನಡೆದ. ಒಂದು ತಿಂಗಳ ಮೇಲೆ ಮಿಲ್ಲಿಗೆ ಹೋದರೆ ತಕ್ಕಡಿ ಎಂಬತ್ತಾರೂವರೆ ತೋರಿಸಿತು. ಇಷ್ಟು ಬೆವರಿಗೆ ಅರ್ಧ ಕಿಲೋ ಎಂದು ಅವನ ಮನಸ್ಸು ಕುಸಿಯಿತು.

ಕುಶಲಮ್ಮ ಒಂದೇ ಪ್ರಶ್ನೆ ಕೇಳಿದರು: ನಡೆದು ಬಂದು ಎಂತ ತಿನ್ನುತ್ತೀರಿ? ಭುಜಂಗಣ್ಣ ಸಂಕೋಚದಿಂದ ನಿಜ ಹೇಳಿದ. ನಡೆದದ್ದಕ್ಕೆ ಹಸಿವು ಹೆಚ್ಚಾಗಿ ಏಳು ದೋಸೆಯ ಜಾಗದಲ್ಲಿ ಒಂಬತ್ತು, ಸಂಜೆಯ ಗೋಳಿಬಜೆ ಬೇರೆ.

ಆಗ ಮಾತು ಅಡಿಗೆ ಮನೆಗೆ ಬಂತು. ಬೇಬಿ ಸೆರಗಿನ ತುದಿ ಹಿಡಿದುಕೊಂಡು ಹೇಳಿದಳು, "ಅನ್ನ ಕಮ್ಮಿ ಬಡಿಸುವುದೆಂದರೆ ನನ್ನ ಕೈ ಮುಂದೆ ಬರುವುದಿಲ್ಲ ನರ್ಸಮ್ಮ. ಇವರು ಇಳಿದುಹೋದರೆ ಜನ ಎಂತ ಹೇಳುತ್ತಾರೆ? ಹೆಂಡತಿ ಹೊಟ್ಟೆಗೆ ಹಾಕುವುದಿಲ್ಲ ಎಂದು ಅಲ್ವಾ?"

ಕುಶಲಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಯಾರನ್ನೂ ಉಪವಾಸ ಕೆಡವುವುದು ಬೇಡ ಎಂದರು. ಅನ್ನ ಮುಕ್ಕಾಲು ಮಾಡಿ ಆ ಜಾಗಕ್ಕೆ ಬಸಳೆ, ಹರಿವೆ, ಸೌತೆ, ಹೆಸರು ಕಾಳು ಬರಲಿ. ಮೀನು ಇರಲಿ, ಹುರಿದದ್ದಕ್ಕಿಂತ ಸಾರು ಒಳ್ಳೆಯದು. ದೋಸೆ ನಾಲ್ಕು. ಕಾಫಿಗೆ ಬೆಲ್ಲ ಅರ್ಧ. ಗೋಳಿಬಜೆ ತಿಂಗಳಿಗೊಮ್ಮೆ ಆಸೆಗೆ. ಬೇಬಿ ಅರೆಮನಸ್ಸಿನಿಂದ ಹೂಂ ಎಂದಳು. ಅಂದಿನಿಂದ ಅನ್ನದ ಕೈಲು ಸಣ್ಣದಾಯಿತು, ಪಲ್ಯದ ಕೈಲು ದೊಡ್ಡದಾಯಿತು.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಇನ್ನು ಇವನ ನಡಿಗೆ ಮುಗಿಯಿತು ಎಂದು ಮುದ್ದಣ್ಣ ಮಿಲ್ಲಿನಲ್ಲಿ ಕುಳಿತು ಹೇಳಿದ. ಆದರೆ ಭುಜಂಗಣ್ಣನ ಗಟ್ಟಿತನ ಊರಿಗೆ ಕಂಡದ್ದೇ ಆ ಮಳೆಗಾಲದಲ್ಲಿ. ಅವನು ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಶಾಲೆಯ ಉದ್ದ ಜಗಲಿಯಲ್ಲಿ ನಡೆದ. ಈ ತುದಿಯಿಂದ ಆ ತುದಿಗೆ ಎಪ್ಪತ್ತು ಹೆಜ್ಜೆ. ಗಂಟೆ ಬಾರಿಸುವ ಮೊದಲು ಇಪ್ಪತ್ತೈದು ಸಲ ಹೋಗಿ ಬರುತ್ತಿದ್ದ. ಹೊರಗೆ ಗಾಳಿ ಮಳೆ ಹೆಂಚು ಹಾರಿಸುತ್ತಿದ್ದರೂ ಒಳಗೆ ಅವನ ಚಪ್ಪಲಿಯ ಸದ್ದು ನಿಲ್ಲಲಿಲ್ಲ. ಅದೇ ಹಳೆಯ ಅಂಚೆಯಣ್ಣ, ಹಿಡಿದದ್ದನ್ನು ಮುಟ್ಟಿಸದೆ ಬಿಡದವನು ಎಂದು ಶಾಲೆಯ ಮೇಷ್ಟ್ರುಗಳು ಮೆಚ್ಚಿ ಮಾತಾಡಿಕೊಂಡರು. ನಕ್ಕವರು ನಗುವುದನ್ನು ಬಿಟ್ಟರು.

ತಿಂಗಳಿಗೆ ಒಂದು ಕಿಲೋ, ಒಮ್ಮೊಮ್ಮೆ ಒಂದೂವರೆ. ಒಂದು ತಿಂಗಳು ಏನೂ ಇಳಿಯಲಿಲ್ಲ. ಅವನು ನಿಲ್ಲಿಸಲಿಲ್ಲ. ದೀಪಾವಳಿಯ ಹೊತ್ತಿಗೆ ಮೂವತ್ತೈದು, ನಲವತ್ತು ನಿಮಿಷದ ನಡಿಗೆ ಲೀಲಾಜಾಲವಾಯಿತು. ಮರುವರ್ಷ ಮಾರ್ಚ್‌ನಲ್ಲಿ ಮುದ್ದಣ್ಣ ಕಲ್ಲನ್ನು ಎರಡು ಸಲ ಸರಿಸಿ ನೋಡಿದ. ಎಪ್ಪತ್ತನಾಲ್ಕು. "ಭುಜಂಗಣ್ಣ, ನನಗೂ ಒಂದು ಹಾದಿ ಹೇಳಿಕೊಡಿ" ಎಂದು ಅವನು ಮೆಲ್ಲಗೆ ಕೇಳಿದ. ಮಣಿಪಾಲದ ಡಾಕ್ಟರು ಒತ್ತಡ ನೋಡಿ ತೃಪ್ತರಾದರು. ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ಬಿಡಬಾರದು, ತಾನು ನೋಡಿ ಕಮ್ಮಿ ಮಾಡುತ್ತೇನೆ ಎಂದರು. ಸಕ್ಕರೆ ಕಾಯಿಲೆ ಬಾಗಿಲಿನಿಂದ ಹಿಂದೆ ಸರಿದಿತ್ತು.

ಬೇಬಿಯ ಮನಸ್ಸು ತಿರುಗಿದ್ದು ಡಾಕ್ಟರ ಮಾತಿನಿಂದಲ್ಲ. ಒಂದು ಸಂಜೆ ಅವಳು ಕರೆಯುವ ಮೊದಲೇ ಗಂಡ ಅಟ್ಟಕ್ಕೆ ಏಣಿ ಹತ್ತಿ ತೆಂಗಿನಕಾಯಿ ಇಳಿಸಿ ತಂದ. ತಂದು ಅವಳ ಹತ್ತಿರ ಕುಳಿತು, ಏದುಸಿರಿಲ್ಲದೆ ಊರ ಸುದ್ದಿ ಹೇಳತೊಡಗಿದ. ಅವಳು ಸುದ್ದಿ ಕೇಳಲಿಲ್ಲ, ಅವನ ಉಸಿರನ್ನೇ ಕೇಳುತ್ತಾ ಕುಳಿತಳು. ಅಂದು ತನ್ನ ಊದಿದ ಪಾದಗಳನ್ನು, ಬೆನ್ನು ನೋವನ್ನು ಮೊದಲ ಸಲ ಗಂಡನಿಗೆ ಹೇಳಿದಳು. ನರ್ಸಮ್ಮನಿಗೂ ತೋರಿಸಿದಳು. ಕುಶಲಮ್ಮ ಪರೀಕ್ಷೆ ಮಾಡಿಸಿ, ನೀವೂ ಜೊತೆಗೆ ನಡೆಯಿರಿ ಎಂದರು.

ಗಂಡಸು ಸುಮ್ಮನೆ ನಡೆದರೆ ನಗುವ ಊರು, ಹೆಂಗಸು ನಡೆದರೆ ಬಿಡುತ್ತದೆಯೇ? ಬೇಬಿ ಹುಟ್ಟಿದ ಮೇಲೆ ಬರಿಗೈಯಲ್ಲಿ ರಸ್ತೆಗಿಳಿದವಳಲ್ಲ. ತಲೆಯ ಮೇಲೆ ಹುಲ್ಲಿನ ಹೊರೆಯೋ, ಸೊಂಟದಲ್ಲಿ ಕೊಡವೋ ಇದ್ದೇ ಇರುತ್ತಿತ್ತು. ಹಾಗಾಗಿ ಮೊದಲ ಹದಿನೈದು ದಿನ ಕಂಕುಳಲ್ಲಿ ಒಂದು ಖಾಲಿ ಬುಟ್ಟಿ ಇಟ್ಟುಕೊಂಡು ನಡೆದಳು; ಕಂಡವರು ಏನೋ ತರಲಿಕ್ಕೆ ಹೋಗುತ್ತಾಳೆ ಎಂದುಕೊಳ್ಳಲಿ ಎಂದು. ಭುಜಂಗಣ್ಣ ನೋಡಿದ, ನಗಲಿಲ್ಲ. ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದ.

ಹದಿನಾರನೆಯ ದಿನ ಅವಳು ಬುಟ್ಟಿಯನ್ನು ಬಾಗಿಲ ಬದಿಯಲ್ಲೇ ಬಿಟ್ಟಳು. ಎರಡು ಕೈ ಬೀಸಿಕೊಂಡು ರಸ್ತೆಗಿಳಿದಳು. ಮಿಲ್ಲಿನ ಎದುರು ನೆರೆಮನೆಯ ಸೆಲೀನ್ ಬಾಯಿ ಸಿಕ್ಕಿ, "ಎಲ್ಲಿಗೆ ಬೇಬಿಯಕ್ಕ, ಇಷ್ಟು ಬೇಗ?" ಎಂದು ಕೇಳಿದರು.

"ಎಲ್ಲಿಗೂ ಇಲ್ಲ. ನಡೆಯಲಿಕ್ಕೆ" ಎಂದಳು ಬೇಬಿ. ಸ್ವಲ್ಪ ಮುಂದೆ ಹೋಗಿ ತಿರುಗಿ ನಿಂತಳು. "ನೀವೂ ಬನ್ನಿ."

ಸೆಲೀನ್ ಬಾಯಿ ಒಂದು ಗಳಿಗೆ ಅತ್ತಿತ್ತ ನೋಡಿದರು. ಆಮೇಲೆ ಬಂದರು.

ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲಿಯೂ ಕುರ್ಚಿ ಸಿಕ್ಕಿದವರು ಇದ್ದೀರಿ. ಬಸ್ಸು ಬಂದ ಮೇಲೆ ಪೇಟೆಗೆ ನಡೆಯುವುದನ್ನು ಬಿಟ್ಟವರು ಇದ್ದೀರಿ. ಮೆಟ್ಟಿಲು ಹತ್ತಿ ಕಂಬ ಹಿಡಿಯುವವರೂ ಇರಬಹುದು, ಅದನ್ನು ಮುಚ್ಚಿಡಬೇಡಿ. ಒಮ್ಮೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ, ತೂಕ ನೋಡಿಸಿ. ನಾಳೆ ಬೆಳಿಗ್ಗೆ ಹತ್ತು ನಿಮಿಷ ನಡೆಯಿರಿ, ಮೆಲ್ಲಗೆ ಅರ್ಧ ಗಂಟೆಗೆ ಏರಿಸಿ. ತಟ್ಟೆಯಲ್ಲಿ ಅನ್ನ ಸ್ವಲ್ಪ ಕಮ್ಮಿ, ತರಕಾರಿ ಸ್ವಲ್ಪ ಹೆಚ್ಚು ಇರಲಿ. ತೂಕ ಬೇಗ ಇಳಿಯಲಿಲ್ಲ ಎಂದು ಕೈಬಿಡಬೇಡಿ. ಮತ್ತೆ, ಒಬ್ಬರೇ ಹೋಗಬೇಡಿ. ಪಕ್ಕದ ಮನೆಯ ಬಾಗಿಲು ತಟ್ಟಿ ಕರೆಯಿರಿ. ನೀವು ಕರೆಯಲಿ ಎಂದು ಒಳಗೆ ಯಾರೋ ಕಾಯುತ್ತಿರಬಹುದು.