ಚೌಕದ ಗುಣಿ

ತಲೆ ಬಗ್ಗಿಸಿ, ತಲೆ ಬಗ್ಗಿಸಿ ಎನ್ನುತ್ತಿದ್ದಾನೆ ಮುಂದೆ ಟಾರ್ಚು ಹಿಡಿದವನು, ಮೂರು ವರ್ಷದಿಂದ ಬಗ್ಗಿದ ತಲೆಯೇ ಇದು, ಇನ್ನೆಷ್ಟು ಬಗ್ಗಿಸಲಿ — ಚನ್ನಾಜಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು, ತೇವದ ಮಣ್ಣಿನ ವಾಸನೆ, ಗುಣಿಯ ವಾಸನೆ, ಮೇಲೆ ಮ್ಯೂಸಿಯಮ್ಮಿನಲ್ಲಿ ಹೀಗಿರಲಿಲ್ಲ, ಗಾಜಿನೊಳಗೆ ಕತ್ತಿ, ಫಿರಂಗಿ ಗುಂಡು, ಬಣ್ಣ ಬಳಿದ ಗೊಂಬೆ ಸಿಪಾಯಿಗಳು, ಒಬ್ಬನ ಮೀಸೆ ಅರ್ಧ ಕಿತ್ತುಬಂದಿತ್ತು, ಮಗ ನಂಜುಂಡೇಶ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದ, ಮೇಲೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ, ಈ ಸುರಂಗಕ್ಕೆ ಯಾಕೆ ಇಳಿಸಿದರೋ. ಮಾಜಿ ಸೈನಿಕರ ಸಂಘದವರದು ಒಳ್ಳೆಯ ಮನಸ್ಸೇ, ಮಿಲಿಟರಿಗೆ ಮಕ್ಕಳನ್ನು ಕೊಟ್ಟು ಕಳೆದುಕೊಂಡವರಿಗೆ ಒಂದು ದಿನದ ಟೂರು, ಬಸ್ಸು ಹುಲ್ಲಹಳ್ಳಿಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಹತ್ತಿಸಿಕೊಂಡು ನಂಜನಗೂಡು, ನರಸೀಪುರ, ಬನ್ನೂರು ಎಂದು ನಿಂತು ನಿಂತು ಒಬ್ಬೊಬ್ಬ ತಾಯಿಯನ್ನು ತುಂಬಿಕೊಂಡು ಈ ಕೋಟೆಗೆ ಬಂತು, ಚಿತ್ರಾನ್ನ ಕೊಟ್ಟರು, ಮಗನನ್ನು ಕೊಟ್ಟು ಚಿತ್ರಾನ್ನ ತಿಂದೆ — ಛೀ, ಹಾಗನ್ನಬಾರದು. ಬೆನ್ನ ಹಿಂದೆ ಗಂಡ ಪುಟ್ಟಬಸವಯ್ಯ ಕೆಮ್ಮುತ್ತಿದ್ದಾನೆ, ಕೆಮ್ಮಲಿ, ಮಗ ಮಣ್ಣಾದ ದಿನದಿಂದ ಅವನಿಗೆ ಮುಖ ಕೊಟ್ಟು ಮಾತಾಡಿಲ್ಲ, ಮುದ್ದೆ ಬಡಿಸುತ್ತಾಳೆ, ತಟ್ಟೆ ಎತ್ತುತ್ತಾಳೆ, ಅಷ್ಟೆ.

ಮುತ್ತಿಗೆ ಆಕಿದೋರು ಕೋಟೆ ಗೋಡೆ ಬುಡಕ್ಕೆ ಇಂಗೇ ಕೊರ್ಕೊಂಡ್ ಬಂದು ಮದ್ದು ತುಂಬಿ ಸಿಡಿಸೋರು ನೋಡಿ, ಎನ್ನುತ್ತಾನೆ ಟಾರ್ಚಿನವನು. ಮದ್ದು — ನಂದೂ ಅದೇ ಕೆಲ್ಸ ಕಣವ್ವ, ನೆಲದಾಗೆ ಮದ್ದು ಊಣೋದು, ನಾವು ಕಬ್ಬಿನ ತುಂಡು ಊಣಲ್ವಾ, ಅಂಗೆ, ಎಂದು ಬೂಟಿಗೆ ಪಾಲಿಶ್ ಹಾಕುತ್ತಾ ನಂಜುಂಡೇಶ ಹೇಳಿದ್ದ, ಪಾರ್ಲಿಮೆಂಟಿನ ಮೇಲೆ ದಾಳಿಯಾದ ಮೇಲೆ ಅವನನ್ನು ಮರಳುಗಾಡಿನ ಗಡಿಗೆ ಕಳಿಸಿದರು, ಹೂಳುವಾಗಲೇ ಒಂದು ಸಿಡಿಯಿತಂತೆ, ಇಷ್ಟೇ ಗೊತ್ತು ಅವಳಿಗೆ. ಸುದ್ದಿ ಬಂದ ಬೆಳಿಗ್ಗೆ ಪುಟ್ಟಬಸವಯ್ಯ ಊರಿನಲ್ಲಿ ಗುಣಿ ತೋಡುವ ಮಾದುವನ್ನು ಕರೆದು, ಚೌಕಾಗಿ ತೆಗಿ ಕಣ್ಲಾ, ಗೂಡು ಅಗಲ ಇರ್ಲಿ, ನನ್ ಮಗ ಎತ್ತರದ ಆಳು, ಎಂದು ಹೇಳಿ ಮಗನನ್ನು ತರಲು ಬೆಂಗಳೂರಿಗೆ ಹೋದ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗುಣಿಯ ಗೋಡೆಯಲ್ಲಿ ಗೂಡು ಕೊರೆದು ಕೂರಿಸುತ್ತಾರೆ, ಎಡಗೈಯಲ್ಲಿ ಲಿಂಗ, ಸುತ್ತ ವಿಭೂತಿ, ಅವಳೇ ಮಾದುವನ್ನು ಇಳಿಸಿ ಹಾಸಿಸಿದಳು ಗೂಡಿಗೆ ಬಿಲ್ವಪತ್ರೆ, ಹಸಿ ಪತ್ರೆ, ಮಗು ಕೂರುತ್ತದೆಂದು. ಬಂದದ್ದು ಉದ್ದನೆಯ ಪೆಟ್ಟಿಗೆ. ಇಡೀ ಊರಿಗೆ ಒಬ್ಬರಿಗೂ ಹೊಳೆದಿರಲಿಲ್ಲ, ಮಿಲಿಟರಿಯವರು ಮಲಗಿಸಿಯೇ ಕಳಿಸುತ್ತಾರೆಂದು, ಪೆಟ್ಟಿಗೆ ಗುಣಿಯ ಬಾಯಿಗೆ ಅಡ್ಡ ನಿಂತುಬಿಟ್ಟಿತು, ಬಂದೂಕು ಹಿಡಿದ ಹುಡುಗರು ಬಿಸಿಲಲ್ಲಿ ನಿಂತೇ ಇದ್ದರು, ಮಾದು ಅಳುತ್ತಾ ಗುಣಿಯನ್ನು ಉದ್ದ ಮಾಡಿದ. ಬಿಚ್ಚಿ, ನನ್ನ ಮಗನ್ನ ಕೂರಿಸ್ರಪ್ಪೋ, ನಿಮ್ ಕಾಲಿಗ್ ಬೀಳ್ತೀನಿ — ಅವಳು ಪೆಟ್ಟಿಗೆಯ ಮೇಲೆ ಬಿದ್ದಿದ್ದಳು, ಆಫೀಸರೇನೂ ತಡೆಯಲಿಲ್ಲ, ತಡೆದವನು ಇವನು, ಹೆತ್ತಪ್ಪ, ಎರಡೂ ರಟ್ಟೆ ಹಿಡಿದು ಎಳೆದು, ತಗೀಬ್ಯಾಡಿ, ಇಂಗೇ ಇಳಿಸಿ, ಎಂದ, ಲಿಂಗವನ್ನು ಪೆಟ್ಟಿಗೆಯ ಹಲಗೆಯ ಮೇಲಿಟ್ಟರು, ಪಕ್ಕದಲ್ಲಿ ಗೂಡು ಖಾಲಿ, ಅವಳ ಕಣ್ಣೆದುರಿಗೇ ಮಣ್ಣೆಳೆದರು. ಕಲ್ಲೆದೆಯವನು ಎಂದುಕೊಂಡಳು, ಇವತ್ತಿಗೂ ಹಾಗೇ ಅಂದುಕೊಳ್ಳುತ್ತಾಳೆ.

ಸಾಲು ನಿಂತಿದೆ, ಟಾರ್ಚಿನ ಬೆಳಕು ಗೋಡೆಗೆ ಬಿದ್ದಿದೆ, ಎದುರಾಳಿ ಕೊರೀತಾವ್ನಾ ಅಂತ ಕೇಳಿಸ್ಕಳಕ್ಕೆ ಒಬ್ಬ ಸಿಪಾಯಿ ಇದ್ರೊಳಗೆ ಕೂತಿರೋನು, ಗೋಡೆಗೆ ಕಿವಿ ಕೊಟ್ಕೊಂಡು, ಎನ್ನುತ್ತಾನೆ ಟಾರ್ಚಿನವನು — ಗೂಡು. ಅದೇ ಅಳತೆ, ಬೆನ್ನೊರಗಲು ಅದೇ ಬಾಗು, ಮಂಡಿ ಮಡಿಸಿದರೆ ಸರಿಯಾಗಿ ಒಬ್ಬ ಎತ್ತರದ ಹುಡುಗ. ಉಳಿದವರು ಮುಂದೆ ಸಾಗಿದರು, ಅವಳು ಗೂಡಿನ ಮುಂದೆಯೇ ನಿಂತಳು, ಅವಳಿಗೇ ತಿಳಿಯದೆ ಬಾಯಿ ಆಡಿತು, ಇಷ್ಟೇ ಜಾಗ ಕೇಳಿದ್ದು ನಾನು, ಯಾಕ್ ತಡುದ್ರಿ? ಪುಟ್ಟಬಸವಯ್ಯ ಗೋಡೆ ಹಿಡಿದುಕೊಂಡ, ಎಷ್ಟೋ ಹೊತ್ತು ಕೆಮ್ಮಿದ. ಏರೋಡ್ರಮ್ಮಲ್ಲೇ ಬಿಚ್ಚಿ ತೋರ್ಸಿದ್ರು ಕಣಮ್ಮಿ, ನೋಡ್ಲೇಬೇಕು ಅಂತ ನಾನೇ ಅಟ ಮಾಡ್ದೆ. ಕೂರ್ಸಕ್ಕೆ ಏನೂ ಇರ್ನಿಲ್ಲ. ಒಂದ್ ಕೈ ಇತ್ತು, ಅದೂ ಬಲಗೈ, ಲಿಂಗ ಇಡಕ್ಕೆ ಎಡಗೈ ಇರ್ನಿಲ್ಲ ಕಣೆ. ಗೂಡು ತಗ್ಸಿದ್ದೆ ನಾನು, ನೀನು ಪತ್ರೆ ಆಸ್ಕೊಂಡ್ ಕಾಯ್ತಾ ಇದ್ದೆ, ನಿಂಗೆ ಎಂಗ್ ಏಳ್ಲಿ. — ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮನುಷ್ಯ ನಾನು ಮುಖ ತಿರುಗಿಸಿ ಇಟ್ಟ ಮುದ್ದೆ ಉಂಡನೇ, ದಿನಾ, ಒಂದು ಮಾತಾಡದೆ, ಕಲ್ಲೆದೆಯವಳು ನಾನು, ಎಡಗೈ, ಹಾಲು ಕುಡಿಯುವಾಗ ನನ್ನ ತಾಳಿ ಹಿಡಿದು ಎಳೆಯುತ್ತಿದ್ದ ಕೈ, ಅದು ಎಲ್ಲಿ, ಯಾವ ಮರಳಿನಲ್ಲಿ — ಅಮ್ಮಾ, ಮುಂದೆ ಬನ್ನಿ ಅಮ್ಮಾ, ಯಾರೋ ಕೂಗುತ್ತಾರೆ, ಮುಂದೆ ಏನಿದೆ, ಹಸಿ ಪತ್ರೆ ಹಾಸಿದೆ, ಯಾರೂ ಕೂರಲಿಲ್ಲ, ಮಾದು ಸಲಿಕೆ ಎತ್ತುತ್ತಾನೆ, ಪತ್ರೆಯ ಮೇಲೆ ಮಣ್ಣು, ಖಾಲಿ ಗೂಡು, ಮತ್ತೆ ಮಣ್ಣು, ಖಾಲಿ ಗೂಡು, ಹಸಿ ಪತ್ರೆ, ಖಾಲಿ