ಮೂರಕ್ಕೆ ಎರಡು ನಿಮಿಷ

ತಾಯಪ್ಪ ಬಗ್ಗಿ ಕಂಪ್ಯೂಟರಿನ ಪ್ಲಗ್ಗು ಕಿತ್ತು, ಆ ಜಾಗಕ್ಕೆ ಐಸ್ ಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿದ. ಶಹಾಪುರದಿಂದ ಬಾಡಿಗೆಗೆ ತಂದ ಪೆಟ್ಟಿಗೆ ಒಮ್ಮೆ ನಡುಗಿ ಗುರ್ರೆಂದು ಸುರುವಾಯಿತು. ಗಾಜಿನ ಕೆಳಗೆ ಅವನ ಅಕ್ಕನ ಗಂಡ ಬಸವಂತ್ರಾಯ ಮಲಗಿದ್ದ. ನಸುಕಿನಲ್ಲಿ ಚಹಾ ಕೇಳಿದ್ದವನು ಚಹಾ ಬರುವುದರೊಳಗೆ ಹೋಗಿಬಿಟ್ಟಿದ್ದ.

"ಇಡೀ ಮನಿಗೆ ಒಂದೇ ಪಾಯಿಂಟ್ ನೋಡ್ರಿ" ಎಂದು ತಾಯಪ್ಪ ಬಂದವರ ಮುಂದೆ ಗೊಣಗಿದ. "ಮೂವತ್ತು ವರ್ಷ ಕಾಲುವಿ ಇಲಾಖೆದಾಗ ನೌಕರಿ ಮಾಡಿದ ಮನಷ್ಯಾ, ಇನ್ನೊಂದು ಪಾಯಿಂಟ್ ಹಾಕಿಸ್ಬಾರದೇನು?"

ದೇವಕಮ್ಮ ಗೋಡೆಗೆ ಆತು ಕುಳಿತಿದ್ದಳು. ಮೂಲೆಯ ಕಂಪ್ಯೂಟರಿನ ಪರದೆ ಕಪ್ಪಾದದ್ದು ಕಂಡಿತು. ಏನೋ ಹೇಳಬೇಕೆನಿಸಿತು, ಏನೆಂದು ಹೊಳೆಯಲಿಲ್ಲ. ಬೆಳಗಿನಿಂದ ಧೋತರ ಎಲ್ಲಿ, ಮಗಳ ನಂಬರು ಎಲ್ಲಿ, ಕೊಡಲಿ ಎಲ್ಲಿ ಎಂದು ಕೇಳಿಸಿಕೊಂಡು ಅವಳ ಹತ್ತಿರ ಉತ್ತರಗಳೇ ಮುಗಿದಿದ್ದವು. ಮಗಳು ಮೌನಮ್ಮ ಗಂಡನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಅವಳು ಬಂದು ಮುಟ್ಟುವ ತನಕ ಹೆಣ ಎತ್ತುವಂತಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಮಾತು ನಡೆದಿತ್ತು.

"ಪುಣ್ಯವಂತನ ಸಾವು ಬಿಡ್ರಿ. ಒಬ್ಬರ ಕೈಲಿ ಒಂದು ತಂಬಿಗಿ ನೀರು ಹಿಡಿಸಿಕೊಳ್ಳಲಿಲ್ಲ" ಎಂದ ಅಂಬ್ರಪ್ಪ. ಕಿರುಗಾಲುವೆಯ ತಲೆಯಲ್ಲೇ ಎಂಟೆಕರೆ ಇರುವ ಮನುಷ್ಯ, ದನಿಯೂ ಅಷ್ಟೇ ತುಂಬಿದ್ದು. "ಊರಿಗೆಲ್ಲ ನೀರು ಕುಡಿಸಿದಾಂವ, ತಾ ಮಾತ್ರ ಒಣಗಿದ ಬಾಯ್ಲೇ ಹೋದ."

ಕಟ್ಟೆಯ ಕೆಳಗೆ, ಹೆಂಗಸರ ಸಾಲಿನ ತುದಿಯಲ್ಲಿ ಸಾಯಬಮ್ಮ ಕುಳಿತಿದ್ದಳು. ಅವಳ ಎರಡೆಕರೆಯೂ ಹಾಗೆಯೇ ಕಾಲುವೆಯ ತುದಿಯಲ್ಲಿತ್ತು. ಅವಳು ಆಗಾಗ ತಲೆ ಎತ್ತಿ ಮಾಳಿಗೆಯ ಮೇಲಿನ ಭೋಂಗಾದ, ಆ ತುತ್ತೂರಿಯಂಥ ಸ್ಪೀಕರಿನ ಕಡೆ ನೋಡುತ್ತಿದ್ದಳು.

*

ಈ ಕಿರುಗಾಲುವೆಯ ಮೇಲೆ ಹಿಂದೊಮ್ಮೆ ತಲೆ ಒಡೆದಿದ್ದವು. ಅಂಬ್ರಪ್ಪನ ಗೇಟು ಇಳಿದರೆ ಮಾತ್ರ ಸಾಯಬಮ್ಮನ ಹೊಲಕ್ಕೆ ನೀರು ಹೋಗುತ್ತಿತ್ತು. ನೀರು ಇದ್ದಾಗ ಗೇಟು ಇಳಿಸಲು ಯಾರಿಗೆ ಮನಸ್ಸು ಬರುತ್ತದೆ? ಗಾಳಿ ಬಂದಾಗ ತೂರಿಕೋ ಎಂದು ಹಿರಿಯರೇ ಹೇಳಿಕೊಟ್ಟಿದ್ದಾರೆ. ಒಬ್ಬನ ಗಡಿಯಾರದಲ್ಲಿ ಮೂರಾದರೆ ಇನ್ನೊಬ್ಬನದರಲ್ಲಿ ಎರಡೂವರೆ. ಕಡೆಗೆ ಊರೆಲ್ಲ ಗುಡಿಯ ಮುಂದೆ ಸೇರಿ, ಬಸವಂತ್ರಾಯ ಗಂಟೆ ಬಾರಿಸಿದಾಗಲೇ ನೀರಿನ ಪಾಳಿ ಬದಲು, ಅದಕ್ಕೆ ಮೊದಲು ಯಾರೂ ಗೇಟು ಮುಟ್ಟಬಾರದು ಎಂದು ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದರು. ಅವನು ಸೈಕಲ್ ತುಳಿಯುತ್ತ, ಏರಿಯ ಉದ್ದಕ್ಕೂ ಗಂಟೆ ಬಾರಿಸುತ್ತ ಹೋಗುತ್ತಿದ್ದ.

ನಿವೃತ್ತಿಯಾಗುವ ಹೊತ್ತಿಗೆ ಮೊಣಕಾಲು ಹೋದವು. ಅದೇ ವರ್ಷ ಹೈಸ್ಕೂಲಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುತ್ತಿದ್ದರು. ಕಂಪ್ಯೂಟರ್ ಕಲಿಸುತ್ತಿದ್ದ ರಾಬಿಯಾ ಟೀಚರನ್ನು ಬೇಡಿಕೊಂಡು ಬಸವಂತ್ರಾಯ ಒಂದನ್ನು ಮನೆಗೆ ತಂದ. ಹೊಸ ಕಾಲದ ವಿಂಡೋಸ್ ಹಾಕಿದರೆ ಅದಕ್ಕೆ ದಮ್ಮು ಹತ್ತುತ್ತಿತ್ತು. ರಾಬಿಯಾ ಅದರಲ್ಲಿ ಲಿನಕ್ಸ್ ಹಾಕಿಕೊಟ್ಟಳು.

"ಮುದಿ ಎತ್ತಿಗೆ ಹಗುರ ನೊಗ ಇದ್ದಂಗ್ರಿ ಕಾಕಾ" ಎಂದಿದ್ದಳು. "ಓಡೂದಿಲ್ಲ. ಆದ್ರ ನಿಲ್ಲೂದೂ ಇಲ್ಲ."

ಊರು ನಕ್ಕಿತು. ಗೊಡ್ಡು ಎಮ್ಮಿ ಹಿಂಡಾಕ ಕುಂತಾನ ಎಂದರು. ಅವನು ಪಾಳಿಯ ಪಟ್ಟಿಯನ್ನು ಅದರೊಳಗೆ ಕೂಡಿಸಿದ. ರಾಬಿಯಾ ಅವನ ಸೈಕಲ್ ಗಂಟೆಯ ಸದ್ದು ಹಿಡಿದು ಭೋಂಗಾಕ್ಕೆ ಜೋಡಿಸಿದಳು. ಸೈಕಲ್ಲು ತುಕ್ಕು ಹಿಡಿದು ಗುಜರಿಗೆ ಹೋಯಿತು, ಗಂಟೆ ಮಾತ್ರ ದಿನಾ ಹೊತ್ತಿಗೆ ಸರಿಯಾಗಿ ಮೂರು ಸಲ ಟ್ರಿಣ್ ಎನ್ನುತ್ತಿತ್ತು. ಚಳಿಗಾಲದಲ್ಲಿ ದೇವಕಮ್ಮ ಹೆಪ್ಪು ಹಾಕಿದ ಹಾಲಿನ ಗಡಿಗೆಯನ್ನು ಅದರ ಬೆನ್ನಿಗೆ ಇಡುತ್ತಿದ್ದಳು, ಬೆಚ್ಚಗಿರುತ್ತದೆಂದು. ಒಮ್ಮೆ ಅಲ್ಲೇ ಕೋಳಿ ಕಾವಿಗೆ ಕೂತು ಏಳು ಮರಿ ಮಾಡಿತು. ನಕ್ಕವರೆಲ್ಲ ಆ ಗಂಟೆಗೇ ಗೇಟು ಇಳಿಸುವುದನ್ನು ಕಲಿತರು.

*

ಎರಡು ದಾಟಿದ ಮೇಲೆ ಮೌನಮ್ಮ ಬಂದಳು. ಬಸ್ಸಿನಲ್ಲೇ ಅತ್ತು ಮುಗಿಸಿದ್ದಳೇನೋ, ಅಪ್ಪನ ಕಾಲ ಹತ್ತಿರ ಸುಮ್ಮನೆ ಕೂತಳು. ಹೆಣವನ್ನು ಅಂಗಳಕ್ಕೆ ತಂದು ಸ್ನಾನ ಮಾಡಿಸಿದರು, ಹೊಸ ಧೋತರ ಉಡಿಸಿದರು, ಚಟ್ಟಕ್ಕೆ ಏರಿಸಿದರು. ದೇವಕಮ್ಮ ಹಣೆಗೆ ವಿಭೂತಿ ಹಚ್ಚಿ ನೆಟ್ಟಗಾಗುವಾಗ ಸಾಯಬಮ್ಮ ಕಣ್ಣಿಗೆ ಬಿದ್ದಳು.

ಸಾಯಬಮ್ಮ ಹೆಣ ನೋಡುತ್ತಿರಲಿಲ್ಲ. ಭೋಂಗಾ ನೋಡುತ್ತಿದ್ದಳು. ಸೆರಗಿನ ತುದಿ ಬಾಯಲ್ಲಿತ್ತು.

ದೇವಕಮ್ಮನಿಗೆ ಆಗ ಹೊಳೆಯಿತು. ಇವತ್ತು ಮೂರರಿಂದ ಆರರ ತನಕ ಸಾಯಬಮ್ಮನ ಪಾಳಿ. ಆರಕ್ಕೆ ಮತ್ತೆ ಮೇಲಿನವರದು, ಅದರಲ್ಲೂ ಅಂಬ್ರಪ್ಪನದೇ ಮೊದಲು. ಬೆಳಗಾದರೆ ಕಾಲುವೆ ಬಂದ್, ಹತ್ತು ದಿನ. ತೆನೆಯಲ್ಲಿ ಹಾಲು ತುಂಬುವ ಹೊತ್ತು, ಇವತ್ತು ತಪ್ಪಿದರೆ ಎರಡೆಕರೆ ಭತ್ತವೆಲ್ಲ ಜೊಳ್ಳು. ಸತ್ತ ಮನೆಯ ಅಂಗಳದಲ್ಲಿ ಕೂತು ನನ್ನ ನೀರು ಎಲ್ಲಿ ಎಂದು ಕೇಳಲು ಆ ಬಾಯಿಲ್ಲದ ಹೆಂಗಸಿಗೆ ಆಗುತ್ತದೆಯೇ?

ದೇವಕಮ್ಮ ಒಳಗೆ ಬಂದು ಅಡುಗೆಮನೆಯ ಗಡಿಯಾರ ನೋಡಿದಳು. ಮೂರೂ ನಲವತ್ತು.

"ತಾಯಪ್ಪಾ" ಎಂದು ಕೂಗಿದಳು. "ಆ ಪೆಟಗಿ ವಯರ್ ತೆಗಿ. ಕಂಪ್ಯೂಟರ್ ಚಾಲೂ ಮಾಡು."

"ಯಕ್ಕಾ, ಹೆಣ ಎತ್ತೂ ಹೊತ್ತಿನ್ಯಾಗ ಇದೇನು? ಮಂದಿ ಏನಂದಾರು?"

"ಮಂದಿ ಏನರೆ ಅನ್ಲಿ. ಗಂಟಿ ಆಗೂತನಕ ಎತ್ತಬ್ಯಾಡ್ರಿ."

ಅಂಗಳದಲ್ಲಿ ಗುಸುಗುಸು ಎದ್ದಿತು. ಮುದುಕಿಗೆ ತಲೆ ಕೆಟ್ಟಿತು ಎಂದರು ಕೆಲವರು, ಪಾಪ ಎಂದರು ಕೆಲವರು. ಚಟ್ಟದ ಮುಂದಿನ ಹೆಗಲಿಗೆ ನಿಂತಿದ್ದ ಅಂಬ್ರಪ್ಪ ಮೊಬೈಲ್ ತೆಗೆದು ನೋಡಿದ, ಮತ್ತೆ ಅಂಗಿಯ ಜೇಬಿಗೆ ಇಳಿಬಿಟ್ಟ. ಅವನು ಕಳ್ಳನೇನಲ್ಲ. ಗಂಟೆ ಆಗದೆ ಗೇಟು ಮುಟ್ಟಬಾರದು ಎಂಬುದೇ ಆಣೆ, ಗಂಟೆ ಆಗಿರಲಿಲ್ಲ, ನೀರು ಇನ್ನೂ ಅವನ ಹೊಲಕ್ಕೇ ಹರಿಯುತ್ತಿತ್ತು. ಹೊತ್ತಾಯಿತು ಎಂದು ತಾನಾಗಿ ಹೇಳಬೇಕೆಂದು ಯಾರೂ ಭಂಡಾರ ಮುಟ್ಟಿರಲಿಲ್ಲ.

*

ಊರಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿತ್ತು. ಹೋದಾಗಲೆಲ್ಲ ಕಂಪ್ಯೂಟರು ತನ್ನ ವೇಳೆ ಮರೆತು, ಯಾವುದೋ ಹಳೆಯ ಇಸವಿಯ ಜನವರಿ ಒಂದಕ್ಕೆ ಹೋಗಿ ಕೂರುತ್ತಿತ್ತು. ಅದರ ಮುಂದಿನ ಕುರ್ಚಿಯಿಂದ ಗಡಿಯಾರ ಕಾಣುತ್ತಿರಲಿಲ್ಲ.

"ಏ ದೇವಕೀ, ಟೈಮ್ ಎಷ್ಟಾತ?" ಎಂದು ಬಸವಂತ್ರಾಯ ಕೂಗುತ್ತಿದ್ದ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಡಿಯಾರ ನೋಡಿ ಹೇಳುತ್ತಿದ್ದಳು. ಹನ್ನೊಂದಕ್ಕ ಆರು ನಿಮಿಷ ಕಮ್ಮಿ ಅದರಿ. ಒಂದು ನಿಮಿಷ ಆಚೀಚೆ ಹೇಳಿದವಳಲ್ಲ. ಅಷ್ಟರ ಮೇಲೆ ಒಬ್ಬರ ನೀರು ನಿಂತಿದೆ ಎಂದು ಗೊತ್ತಿತ್ತು. ಹಿಟ್ಟಿನ ಕೈ ತೊಳೆದು ಬೇಸತ್ತ ದಿನ ಬೈದದ್ದೂ ಉಂಟು.

"ನನ್ನ ಜೀವಾ ಯಾಕ ತಿಂತೀರಿ? ಅದನ್ನ ರಿಪೇರಿ ಮಾಡಿಸ್ರಲ್ಲ."

"ಅದು ಹಂಗೇ ಅದ. ಅದಕ್ಕ ಮದ್ದಿಲ್ಲ" ಎನ್ನುತ್ತಿದ್ದ ಅವನು.

ಎಂಟು ವರ್ಷ ಹೀಗೆ ನಡೆಯಿತು. ಯೋಚಿಸಿದರೆ, ಆ ಮನೆಯಲ್ಲಿ ಗಂಡಹೆಂಡತಿಯ ನಡುವೆ ದಿನಾ ತಪ್ಪದೆ ಆಡುತ್ತಿದ್ದ ಮಾತು ಅದೊಂದೇ.

*

ರಾಬಿಯಾ ಹೆಂಗಸರ ನಡುವಿನಿಂದ ಎದ್ದು ಬಂದು ಕುರ್ಚಿಯ ಮೇಲೆ ಕೂತಳು. ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಮೇಲಕ್ಕೆ ಹೋದವು. ಆ ಯಂತ್ರ ಯಾರ ಅವಸರಕ್ಕೂ ಏಳುವಂಥದ್ದಲ್ಲ. ಅಂಗಳದಲ್ಲಿ ಚಟ್ಟದ ಸುತ್ತ ಮಂದಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು.

"ನೋಡ್ರಿ, ಮತ್ತ ಹಳೇ ಇಸವಿಗೆ ಹೋಗಿ ಕುಂತದ" ಎಂದಳು ರಾಬಿಯಾ. "ಹೋದ ವರ್ಷ ನಾನೇ ಹೊಸಾ ಸೆಲ್ ತಂದುಕೊಟ್ಟಿದ್ದೆ. ಹಾಕ್ಲೇ ಇಲ್ಲೇನ್ರಿ ಅವ್ವ? ಅದೊಂದು ಇದ್ರ ಕರೆಂಟ್ ಹೋದ್ರೂ ಟೈಮ್ ಹೋಗ್ತಿರಲಿಲ್ಲ."

ದೇವಕಮ್ಮ ಗೂಡಿನ ಕಡೆ ನೋಡಿದಳು. ಎಣ್ಣೆಯ ಶೀಷೆಯ ಹಿಂದೆ ಗುಂಡಿಯಷ್ಟು ಸೆಲ್ಲು, ಒಡೆಯದ ಪಾಕೀಟಿನಲ್ಲಿ, ಧೂಳು ಕೂಡಾ ಕೂರದಂತೆ ಒರೆಸಿ ಇಟ್ಟದ್ದು. ಎಷ್ಟೋ ಸಲ ಕಂಡಿದ್ದಳು. ಅವನ ಕಿವಿಯ ಮಷಿನ್ನಿನದಿರಬೇಕು ಎಂದುಕೊಂಡಿದ್ದಳು.

"ಟೈಮ್ ಎಷ್ಟಾತ್ರಿ ಅವ್ವ?" ರಾಬಿಯಾ ಕೀಲಿಗಳ ಮೇಲೆ ಬೆರಳಿಟ್ಟು ಕೇಳಿದಳು.

ಬೆಳಗಿನಿಂದ ಅಳದ ದೇವಕಮ್ಮ ಆಗ ಅತ್ತಳು. ಬಾಗಿಲ ಚೌಕಟ್ಟು ಹಿಡಿದು, ಸದ್ದು ಮಾಡದೆ, ಮೈಯೆಲ್ಲ ಅಲುಗುವಂತೆ ಅತ್ತಳು. ಮೌನಮ್ಮ ಬಂದು ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಗಡಿಯಾರ ನೋಡಿದಳು. ಮೂರೂ ಐವತ್ತೆರಡು.

"ಮೂರಕ್ಕ ಎರಡು ನಿಮಿಷ ಕಮ್ಮಿ ಅದ" ಎಂದಳು, ಅಂಗಳಕ್ಕೆಲ್ಲ ಕೇಳುವಂತೆ.

ರಾಬಿಯಾ ಅವಳ ಮುಖ ನೋಡಿದಳು. ಹಾಗೆಯೇ ಒತ್ತಿದಳು; ಇನ್ನು ಆರರ ಗಂಟೆಯೂ ಅಷ್ಟೇ ತಡವಾಗಿ ಆಗುವುದು.

ಅಂಗಳದಲ್ಲಿ ಹತ್ತು ಜೇಬುಗಳಲ್ಲಿ ಹತ್ತು ಮೊಬೈಲು ಇದ್ದವು. ತಾಯಪ್ಪ ತನ್ನದನ್ನು ತೆಗೆಯಲು ಹೋದ. ಅಂಬ್ರಪ್ಪ ಅವನ ಕೈ ಹಿಡಿದು ಕೆಳಗಿಳಿಸಿದ.

ಎರಡು ನಿಮಿಷ ಎಲ್ಲರೂ ಭೋಂಗಾದ ಕಡೆ ತಲೆ ಎತ್ತಿ ನಿಂತರು. ಆಮೇಲೆ ಮಾಳಿಗೆಯ ಮೇಲಿಂದ ಬಂತು, ಟ್ರಿಣ್ ಟ್ರಿಣ್ ಟ್ರಿಣ್.

"ತಾಯಪ್ಪಾ, ನನ್ನ ಹೆಗಲ ನೀ ಹಿಡಿ" ಎಂದ ಅಂಬ್ರಪ್ಪ. ಸಾಯಬಮ್ಮನ ಕಡೆ ತಿರುಗಿದ, ಆದರೆ ಅವಳ ಮುಖ ನೋಡಲಿಲ್ಲ. "ನೀ ಮಣ್ಣಿಗೆ ನಡಿ ತಂಗಿ. ನೀರು ನಿನ್ನ ಹೊಲಾ ಮುಟ್ಟಿಸಿ ಬರ್ತೀನಿ." ಚಪ್ಪಲಿ ಕೈಯಲ್ಲಿ ಹಿಡಿದು ಏರಿಯ ಕಡೆ ಬಿರಬಿರನೆ ಹೋದ.

ಹೆಣ ಎತ್ತಿದರು. ಮಣ್ಣಿನ ಜಾಗ ದೂರವಿರಲಿಲ್ಲ, ಆದರೂ ನಿಧಾನವಾಗಿ ನಡೆದರು. ಕುಣಿಯೊಳಗೆ ಇಳಿಸಿದ ಮೇಲೆ ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿದರು. ಒಣ ಮಣ್ಣು, ಬೆರಳ ಸಂದಿಯಲ್ಲೇ ಅರ್ಧ ಸೋರಿ ಹೋಗುವಂಥದ್ದು. ಮೌನಮ್ಮ ಹಾಕಿದಳು, ಸಾಯಬಮ್ಮ ಹಾಕಿದಳು, ತಾಯಪ್ಪ ಸಲಿಕೆ ಕೈಗೆತ್ತಿಕೊಂಡ.

"ತಡಿ, ತಡಿ" ಎನ್ನುತ್ತ ಅಂಬ್ರಪ್ಪ ಓಡಿ ಬಂದ. ಮೊಣಕಾಲಿನ ತನಕ ಧೋತರ ತೊಯ್ದಿತ್ತು. ಗೇಟಿನ ಬುಡದಿಂದ ಹಿಡಿದು ತಂದ ಕೆಸರು ಮುಷ್ಟಿಯಲ್ಲೇ ಇತ್ತು. ಕುಣಿಯ ಅಂಚಿಗೆ ಕೂತು ಅದನ್ನು ಬಿಟ್ಟ. ಅದು ಚದುರಲಿಲ್ಲ. ಅವನ ಐದು ಬೆರಳಿನ ಗುರುತು ಹೊತ್ತು, ಒಣ ಮಣ್ಣಿನ ಮೇಲೆ ಹಸಿಯಾಗಿ ಕೂತಿತು.